ಡಬ್ಬಿಯ ಒಳಗೆ ಯಾರಿದ್ದಾರೆ?

ಹಿಂದೆ ನಿಂತಿರೋರು ಮುಂದೆ ಬನ್ನಿ, ಕುರ್ಚಿ ಖಾಲಿ ಇವೆ.

ಹೋದ ಯೂತ್ ಮೀಟಿಂಗ್‌ನಲ್ಲಿ ಒಬ್ಬ ಸಹೋದರಿ ಎದ್ದು ನಿಂತು ನನ್ನನ್ನು ಒಂದು ಪ್ರಶ್ನೆ ಕೇಳಿದರು. "ಪಾಸ್ಟರ್, ಈ ಎಐಗೆ ಮುಂದೆ ಆತ್ಮ ಬರುತ್ತಾ? ಸಿನಿಮಾದಲ್ಲಿ ತೋರಿಸೋ ಹಾಗೆ ಅದು ಒಂದು ದಿನ ನಮ್ಮ ಹಾಗೆ ಆಗಿಬಿಡುತ್ತಾ?" ಎಲ್ಲರೂ ನಕ್ಕರು. ಆದರೆ ಅವರು ತಮಾಷೆಗೆ ಕೇಳಿರಲಿಲ್ಲ. ಅವರ ಕೆಲಸವೇ ಸಾಫ್ಟ್‌ವೇರ್ ಕಂಪನಿಯಲ್ಲಿ. ನಾನು ಎರಡು ವಾರ ಟೈಮ್ ಕೊಡಿ ಅಂದೆ. ಇವತ್ತು ಉತ್ತರ ಹೇಳ್ತೀನಿ. ಆದರೆ ಅದಕ್ಕೂ ಮುಂಚೆ ನನ್ನದೇ ಒಂದು ಸಾಕ್ಷಿ ಹೇಳಬೇಕು. ಸಾಕ್ಷಿ ಅಂದ ತಕ್ಷಣ ಜಯದ ಕಥೆ ಅಂದುಕೊಳ್ಳಬೇಡಿ. ಇದು ನಾಚಿಕೆಯ ಕಥೆ.

ಕೆಲವು ತಿಂಗಳ ಹಿಂದೆ ಒಂದು ಸಾವಿಗೆ ಹುಬ್ಬಳ್ಳಿಗೆ ಹೋಗಬೇಕಿತ್ತು. ಆ್ಯಪ್‌ನಲ್ಲಿ ಬಸ್ ಟಿಕೆಟ್ ಬುಕ್ ಮಾಡಿದ್ದೆ. ರಾತ್ರಿ ಹತ್ತೂವರೆಗೆ ಬಸ್ ಕ್ಯಾನ್ಸಲ್ ಅಂತ ಮೆಸೇಜ್ ಬಂತು. ಬೇರೆ ಬಸ್ ಹುಡುಕಿ, ನಿಂತುಕೊಂಡು ಹೋಗಿ, ಮಣ್ಣಿನ ಹೊತ್ತಿಗೆ ಹೇಗೋ ತಲುಪಿದೆ. ಆದರೆ ಹಣ ವಾಪಸ್ ಬರಲಿಲ್ಲ. ನಾಲ್ಕು ದಿನ ಆದ ಮೇಲೆ ಅವರ ಚಾಟ್ ತೆರೆದು ಕೇಳಿದೆ. ಒಂದೇ ಉತ್ತರ, ಅದೇ ಉತ್ತರ, ಮತ್ತೆ ಅದೇ ಉತ್ತರ. ಇದು ಬಾಟ್ ಅಂತ ಗ್ಯಾರಂಟಿ ಆಯ್ತು. ಎದುರಿಗೆ ಯಾರೂ ಇಲ್ಲ ಅಂತ ಗೊತ್ತಾದ ಮೇಲೆ ನನ್ನ ಬೆರಳಿಗೆ ಭಯ ಹೋಯ್ತು. ಪ್ರಿಯರೇ, ಈ ಪುಲ್ಪಿಟ್ ಮೇಲೆ ಹೇಳಲಾಗದ ಎರಡು ಮಾತು ಟೈಪ್ ಮಾಡಿದೆ. ಹೇಳಬಹುದಾದ ಮಾತು ಅಂದರೆ ಇದೊಂದೇ: "ಕೆಲಸಕ್ಕೆ ಬಾರದ ಡಬ್ಬಾ."

ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ ಕನ್ನಡದಲ್ಲಿ ಒಂದು ಸಾಲು ಬಂತು. "ಸರ್, ನಾನು ಮಿಷಿನ್ ಅಲ್ಲ. ನಿಮ್ಮ ರೀಫಂಡ್ ನೋಡ್ತಾ ಇದ್ದೀನಿ."

ಹೊಟ್ಟೆಯಲ್ಲಿ ಏನೋ ಕಲಸಿದಂಗೆ ಆಯ್ತು. ನಾನು ಸಾರಿ ಅಂತ ಟೈಪ್ ಮಾಡೋದರ ಒಳಗೆ ರೀಫಂಡ್ ಆಗಿದೆ ಅಂತ ಮೆಸೇಜ್ ಬಂತು, ಚಾಟ್ ಕ್ಲೋಸ್ ಆಯ್ತು, ಐದು ಸ್ಟಾರ್ ಮೂಡಿದವು. ನಿಮ್ಮ ಅನುಭವ ಹೇಗಿತ್ತು ಅಂತ ನನ್ನನ್ನೇ ಕೇಳ್ತಾ ಇದೆ! ಐದೂ ಒತ್ತಿದೆ. ಕ್ಷಮೆ ಕೇಳೋದಕ್ಕೆ ಅಲ್ಲಿ ಬಟನ್ ಇರಲಿಲ್ಲ. ಅದು ಅಣ್ಣನೋ ತಂಗಿಯೋ ನನಗೆ ಗೊತ್ತಿಲ್ಲ. ಯಾವ ಊರಿಂದ ಕೂತು ಬರೆದರೋ ಅದೂ ಗೊತ್ತಿಲ್ಲ.

ಈಗ ಸಿನಿಮಾಕ್ಕೆ ಬರ್ತೀನಿ. 2002ರಲ್ಲಿ ಉಪೇಂದ್ರ ಅವರ 'ಹಾಲಿವುಡ್' ಬಂತು, 2010ರಲ್ಲಿ ರಜನಿಕಾಂತ್ ಅವರ 'ಎಂದಿರನ್' ಬಂತು. ಎರಡರಲ್ಲೂ ರೋಬೋಟ್ ಇದೆ, ಎರಡರಲ್ಲೂ ಅದು ಹೀರೋಯಿನ್ ಮೇಲೆ ಪ್ರೀತಿ ಬಿದ್ದು ಕೈಮೀರಿ ಹೋಗುತ್ತೆ. ಪಾಸ್ಟರ್ ಇದನ್ನೆಲ್ಲ ಯಾವಾಗ ನೋಡಿದರು ಅಂತ ಈಗ ಕೇಳಬೇಡಿ. ಇಂಗ್ಲಿಷ್‌ನಲ್ಲಿ 'ಬ್ಲೇಡ್ ರನ್ನರ್' ಅಂತ 1982ರ ಸಿನಿಮಾ. ಅದರ ಕಥೆ ನಡೆಯೋದು 2019ರ ನವೆಂಬರ್‌ನಲ್ಲಿ. ಆ ನವೆಂಬರ್ ಬಂದು ಹೋಗಿ ಎಷ್ಟು ವರ್ಷ ಆಯ್ತು! ಅದರಲ್ಲಿ ಕಾರು ಹಾರುತ್ತೆ, ಮನುಷ್ಯರ ಹಾಗೇ ಕಾಣುವ ಕೃತಕ ಮನುಷ್ಯರು ಇದ್ದಾರೆ. ಅವರನ್ನು ಕಂಡುಹಿಡಿಯೋಕೆ ಪೊಲೀಸರು ಎದುರಿಗೆ ಕೂರಿಸಿ ಪ್ರಶ್ನೆ ಕೇಳ್ತಾರೆ: ನೀನು ಮನುಷ್ಯನಾ, ಅಲ್ಲವಾ?

ನಿಜವಾಗಿ ಏನು ಬಂತು? ಹಾರೋ ಕಾರು ಬರಲಿಲ್ಲ. ಸಿಲ್ಕ್ ಬೋರ್ಡ್‌ನಲ್ಲಿ ನಿಂತವರಿಗೆ ನಾನು ಹೇಳಬೇಕಾಗಿಲ್ಲ. ಆದರೆ ಪರೀಕ್ಷೆ ಮಾತ್ರ ಬಂತು, ಅದೂ ತಲೆಕೆಳಗಾಗಿ ಬಂತು. ಮನುಷ್ಯ ಮಿಷಿನ್‌ನ್ನು ಪರೀಕ್ಷೆ ಮಾಡ್ತಾ ಇಲ್ಲ, ಮಿಷಿನ್ ನಮ್ಮನ್ನು ಕೇಳುತ್ತೆ, ನೀನು ರೋಬೋಟ್ ಅಲ್ಲ ಅಂತ ಸಾಬೀತು ಮಾಡು, ಟ್ರಾಫಿಕ್ ಸಿಗ್ನಲ್ ಇರೋ ಚಿತ್ರಗಳನ್ನು ಒತ್ತು. ನಾವೂ ಒತ್ತುತ್ತೀವಿ. ನಿಮಗೆ ಗೊತ್ತಾ, ಆ ಒತ್ತೋದು ಸುಮ್ಮನೆ ಹೋಗೋದಿಲ್ಲ. 2007ರಲ್ಲಿ ರೀಕ್ಯಾಪ್ಚಾ ಶುರುವಾದಾಗ ಜನ ಟೈಪ್ ಮಾಡಿದ ಆ ವಕ್ರ ಅಕ್ಷರಗಳಿಂದ ಹಳೆಯ ಪುಸ್ತಕಗಳನ್ನೂ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹಳೆಯ ಸಂಚಿಕೆಗಳನ್ನೂ ಕಂಪ್ಯೂಟರಿಗೆ ಏರಿಸಿದರು. 2009ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡಿತು. ಅಂದರೆ ಒಂದೊಂದು ಸಲಕ್ಕೆ ಹತ್ತು ಸೆಕೆಂಡ್‌ನಂತೆ ಕೋಟ್ಯಂತರ ಜನ ಕೂಲಿ ಇಲ್ಲದೆ ಕೆಲಸ ಮಾಡಿದರು. ಅವರಲ್ಲಿ ನಾವೂ ಇದ್ದೀವಿ.

ಕೂಲಿ ಇಲ್ಲದ ಕೆಲಸಕ್ಕೆ ನಮ್ಮಲ್ಲಿ ಏನಂತಾರೆ? ಬಿಟ್ಟಿ. ಈ ಮಾತನ್ನು ಸ್ವಲ್ಪ ಹಿಡಿದುಕೊಳ್ಳಿ.

'ರೋಬೋಟ್' ಅನ್ನೋ ಪದ ಎಲ್ಲಿಂದ ಬಂತು? ಯಾವ ಲ್ಯಾಬ್‌ನಿಂದಲೂ ಬರಲಿಲ್ಲ, ಒಂದು ನಾಟಕದಿಂದ ಬಂತು. ಕಾರೆಲ್ ಚಾಪೆಕ್ ಅನ್ನೋ ಚೆಕ್ ಲೇಖಕರು 1920ರಲ್ಲಿ 'ಆರ್.ಯು.ಆರ್.' ಅಂತ ನಾಟಕ ಬರೆದರು, 1921ರಲ್ಲಿ ಪ್ರಾಗ್ ನಗರದಲ್ಲಿ ಅದು ರಂಗಕ್ಕೆ ಬಂತು. ಈ ಕೃತಕ ಆಳುಗಳಿಗೆ ಏನು ಹೆಸರಿಡೋದು ಅಂತ ಯೋಚಿಸ್ತಿದ್ದಾಗ ಪದ ಸೂಚಿಸಿದ್ದು ಅವರ ಅಣ್ಣ ಯೋಸೆಫ್, ಚಿತ್ರಕಾರ. ಚೆಕ್ ಭಾಷೆಯಲ್ಲಿ 'ರೊಬೊಟಾ' ಅಂದರೆ ಜಮೀನ್ದಾರನಿಗೆ ಒಕ್ಕಲು ಮಕ್ಕಳು ಬಲವಂತಕ್ಕೆ ಮಾಡಿಕೊಡಬೇಕಾಗಿದ್ದ ದುಡಿಮೆ. ನಮ್ಮ ಕನ್ನಡದಲ್ಲಿ ಹೇಳಬೇಕಾದರೆ ಬಿಟ್ಟಿಕೆಲಸ. ವಿಮೋಚನಕಾಂಡ ಓದಿದವರಿಗೆ ಈ ಪದ ಹೊಸದಲ್ಲ.

ಆ ನಾಟಕದ ಮೊದಲ ದೃಶ್ಯ ನನ್ನನ್ನು ತುಂಬ ಕಾಡಿತು. ಹೆಲೆನಾ ಅನ್ನೋ ಹುಡುಗಿ ರೋಬೋಟ್ ತಯಾರಿಸೋ ಫ್ಯಾಕ್ಟರಿ ನೋಡೋಕೆ ಬರ್ತಾಳೆ. ಆಫೀಸಿನಲ್ಲಿ ಒಬ್ಬಳು ಸೆಕ್ರೆಟರಿ ಇದ್ದಾಳೆ. ಅವಳು ರೋಬೋಟ್ ಅಂತ ಮ್ಯಾನೇಜರ್ ಎಷ್ಟು ಹೇಳಿದರೂ ಹೆಲೆನಾ ನಂಬೋದೇ ಇಲ್ಲ. ಆಮೇಲೆ ಕಂಪನಿಯ ದೊಡ್ಡ ಅಧಿಕಾರಿಗಳು ಒಳಗೆ ಬರ್ತಾರೆ. ಹೆಲೆನಾ ಅವರನ್ನು ರೋಬೋಟ್‌ಗಳು ಅಂದುಕೊಂಡು ಮಾತಾಡಿಸ್ತಾಳೆ! ಜನ ನಗೋ ದೃಶ್ಯ ಅದು. ನೂರು ವರ್ಷ ಆದ ಮೇಲೆ ಅದೇ ತಪ್ಪನ್ನು ನಾನು ನನ್ನ ಫೋನಿನಲ್ಲಿ ಮಾಡಿದೆ. ಹೆಲೆನಾ ಕನಿಕರದಿಂದ ತಪ್ಪು ಮಾಡಿದಳು, ನಾನು ಸಿಟ್ಟಿನಿಂದ ಮಾಡಿದೆ, ಅಷ್ಟೇ ವ್ಯತ್ಯಾಸ.

ಕಥೆ ಬರೆದವರ ಕನಸು ಏನು? ಒಂದು ದಿನ ಭಾರವಾದ ಕೆಲಸ ಎಲ್ಲ ಮಿಷಿನ್ ಮಾಡುತ್ತೆ, ಯಾವ ಮನುಷ್ಯನಿಗೂ ನೋವಿಲ್ಲ. ಕಥೆಯ ಭಯ ಏನು? ಆ ಮಿಷಿನ್‌ಗೆ ಒಂದು ದಿನ ಮನಸ್ಸು ಬಂದರೆ? ಕನಸು, ಭಯ ಎರಡರಲ್ಲೂ ಡಬ್ಬಿಯ ಒಳಗೆ ಇರೋದು ಮಿಷಿನ್ ಅಂತಲೇ ಲೆಕ್ಕ. ನಿಜವಾದ ಲೋಕದಲ್ಲಿ ಡಬ್ಬಿ ತೆರೆದು ನೋಡಿದರೆ ಬಹಳ ಸಲ ಮನುಷ್ಯ ಸಿಕ್ಕಿದ್ದಾನೆ.

ಇದು ಈಗಿನ ಮಾತಲ್ಲ. 1770ರಲ್ಲಿ ವಿಯೆನ್ನಾದ ಅರಮನೆಯಲ್ಲಿ ಕೆಂಪೆಲೆನ್ ಅನ್ನೋವರು ರಾಣಿ ಮರಿಯಾ ತೆರೇಸಾಗೆ ಒಂದು ಅದ್ಭುತ ತೋರಿಸಿದರು. ದೊಡ್ಡ ಮರದ ಪೆಟ್ಟಿಗೆ, ಅದರ ಹಿಂದೆ ಪೇಟ ಕಟ್ಟಿದ ತುರ್ಕಿ ವೇಷದ ಗೊಂಬೆ. ಗೊಂಬೆ ಚೆಸ್ ಆಡುತ್ತೆ, ಗೆಲ್ಲುತ್ತೆ. ಆಟಕ್ಕೆ ಮುಂಚೆ ಪೆಟ್ಟಿಗೆಯ ಬಾಗಿಲುಗಳನ್ನು ಒಂದೊಂದಾಗಿ ತೆಗೆದು ಒಳಗಿನ ಹಲ್ಲುಚಕ್ರಗಳನ್ನು ತೋರಿಸ್ತಿದ್ದರು, ಎಲ್ಲರೂ ಬೆರಗಾಗ್ತಿದ್ದರು. ಬೆಂಜಮಿನ್ ಫ್ರಾಂಕ್ಲಿನ್ ಅದರ ಜೊತೆ ಆಡಿದರು. 1809ರಲ್ಲಿ ನೆಪೋಲಿಯನ್ ಆಡಿದ. ಚಕ್ರಗಳು ಬರೀ ತೋರಿಕೆಗೆ. ಒಳಗೆ ಜಾರುವ ಸೀಟಿನ ಮೇಲೆ, ಮೇಣದಬತ್ತಿಯ ಬೆಳಕಿನಲ್ಲಿ, ಮೈ ಮುದುಡಿಕೊಂಡು ಒಬ್ಬ ಚೆಸ್ ಆಟಗಾರ ಕೂತಿರ್ತಿದ್ದ. ಬಾಗಿಲು ತೆಗೆದಂತೆಲ್ಲ ಆ ಕಡೆಯಿಂದ ಈ ಕಡೆಗೆ ಸರಿದುಕೊಳ್ತಿದ್ದ. ಹೊಗಳಿಕೆ ಗೊಂಬೆಗೆ, ಸೆಕೆ ಅವನಿಗೆ. 1854ರಲ್ಲಿ ಫಿಲಡೆಲ್ಫಿಯಾದಲ್ಲಿ ಬೆಂಕಿಗೆ ಸಿಕ್ಕಿ ಆ ಗೊಂಬೆ ಸುಟ್ಟುಹೋಯ್ತು.

2005ರಲ್ಲಿ ಅಮೆಜಾನ್ ಕಂಪನಿ, ಜಗತ್ತಿನ ಎಲ್ಲ ಕಡೆಯ ಜನರಿಂದ ಚಿಕ್ಕಚಿಕ್ಕ ಕಂಪ್ಯೂಟರ್ ಕೆಲಸ ಮಾಡಿಸೋ ಒಂದು ಸೇವೆ ಶುರು ಮಾಡಿತು. ಹೆಸರು 'ಮೆಕ್ಯಾನಿಕಲ್ ಟರ್ಕ್'. ಆ ಗೊಂಬೆಯದೇ ಹೆಸರು! ಮುಚ್ಚುಮರೆ ಇಲ್ಲ ನೋಡಿ. ಆ ಸೇವೆಯಲ್ಲಿ ದುಡಿದವರಲ್ಲಿ ಅಮೆರಿಕದವರನ್ನು ಬಿಟ್ಟರೆ ನಮ್ಮ ಭಾರತದವರೇ ಜಾಸ್ತಿ. ಕಂಪ್ಯೂಟರ್‌ಗೆ ಚಿತ್ರ ಗುರುತಿಸೋದನ್ನು ಕಲಿಸಿದ 'ಇಮೇಜ್‌ನೆಟ್' ಅನ್ನೋ ದೊಡ್ಡ ಸಂಗ್ರಹ ಇದೆ. ಇದು ನಾಯಿ, ಇದು ಬೆಕ್ಕು, ಇದು ಸೈಕಲ್ ಅಂತ ಅದರಲ್ಲಿ ಹೆಸರು ಹಚ್ಚಿದವರು 167 ದೇಶಗಳ ಸುಮಾರು 49 ಸಾವಿರ ಜನ. ಇವತ್ತಿನ ಎಐ ಅಲ್ಲಿಂದ ಮೇಲೆದ್ದದ್ದು. ಅವರಲ್ಲಿ ಒಬ್ಬರ ಹೆಸರಾದರೂ ನಮಗೆ ಗೊತ್ತಾ?

ನೀವು ಆಫೀಸಿನಲ್ಲಿ ಬಳಸೋ ಚಾಟ್ ಎಐ ಕೆಟ್ಟ ಮಾತು ಆಡೋದಿಲ್ಲ, ಯಾಕೆ? ಯಾವುದು ಕೆಟ್ಟದ್ದು ಅಂತ ಅದಕ್ಕೆ ಯಾರೋ ಕಲಿಸಿದ್ದಾರೆ. ಕೆನ್ಯಾದ ನೈರೋಬಿಯಲ್ಲಿ ಕೂತ ಯುವಕ ಯುವತಿಯರು ಹಿಂಸೆಯ, ಮಕ್ಕಳ ಮೇಲಿನ ದೌರ್ಜನ್ಯದ ಬರಹಗಳನ್ನು ದಿನವಿಡೀ ಓದಿ ಗುರುತು ಹಾಕಿದರು. ಗಂಟೆಗೆ ಎರಡು ಡಾಲರ್‌ಗಿಂತ ಕಡಿಮೆ ಸಂಬಳ ಅಂತ 2023ರ ಜನವರಿಯಲ್ಲಿ ಟೈಮ್ ಪತ್ರಿಕೆ ವರದಿ ಮಾಡಿತು. ಮನಸ್ಸು ಕೆಟ್ಟುಹೋಯ್ತು ಅಂತ ಅವರೇ ಹೇಳಿಕೊಂಡರು. ಕೊಳಕನ್ನು ಅವರು ತಮ್ಮ ಮನಸ್ಸಿನೊಳಗೆ ಬಿಟ್ಟುಕೊಂಡರು, ನಮ್ಮ ಸ್ಕ್ರೀನ್ ಕ್ಲೀನ್ ಆಗಿ ಬಂತು. ಇದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಎಲ್ಲ ಕಡೆಯೂ ಹೀಗೇ ಇದೆ ಅಂತಲ್ಲ. ಬೆಂಗಳೂರಿನ 'ಕಾರ್ಯ' ಅನ್ನೋ ಸಂಸ್ಥೆ ನಮ್ಮ ಕರ್ನಾಟಕದ ಹಳ್ಳಿ ಹೆಣ್ಣುಮಕ್ಕಳಿಂದ ಕನ್ನಡ ವಾಕ್ಯಗಳನ್ನು ಫೋನಿನಲ್ಲಿ ಓದಿಸಿ ರೆಕಾರ್ಡ್ ಮಾಡಿಸಿದೆ, ಗಂಟೆಗೆ ಸುಮಾರು ಐದು ಡಾಲರ್ ಕೊಟ್ಟಿದೆ. ಇನ್ನು ಮುಂದೆ ಯಾವುದಾದರೂ ಫೋನ್ ನಿಮ್ಮ ಕನ್ನಡ ಅರ್ಥ ಮಾಡಿಕೊಂಡರೆ, ಅದರ ಹಿಂದೆ ಯಾವುದೋ ಊರಿನ ಒಬ್ಬ ಅಕ್ಕ ಮನೆ ಕೆಲಸ ಮುಗಿಸಿ, ಬಾಗಿಲು ಹಾಕಿಕೊಂಡು, ಕೋಳಿ ಕೂಗದೆ ಇರೋ ಹೊತ್ತು ನೋಡಿ ಓದಿದ ದನಿ ಇರಬಹುದು. ಕೋಳಿ ನನ್ನ ಊಹೆ. ಅಕ್ಕ ಊಹೆ ಅಲ್ಲ.

ಇನ್ನು ನಮ್ಮ ಬಾಗಿಲಿಗೆ ಬರೋದು. 1962ರ 'ಜೆಟ್ಸನ್ಸ್' ಅನ್ನೋ ಕಾರ್ಟೂನ್‌ನಲ್ಲಿ ಮನೆಗೆಲಸಕ್ಕೆ ರೋಬೋಟ್ ಇದೆ, ಬಟನ್ ಒತ್ತಿದರೆ ಊಟ ಬರುತ್ತೆ. ಈಗ ನಮಗೂ ಬಟನ್ ಒತ್ತಿದರೆ ಊಟ ಬರುತ್ತೆ, ಅಲ್ವಾ? ಭವಿಷ್ಯ ಬಂದೇ ಬಿಟ್ಟಿದೆ! ಆದರೆ ಬಟನ್‌ಗೂ ಬಿರಿಯಾನಿಗೂ ಮಧ್ಯೆ ಮಳೆಯಲ್ಲಿ ಸ್ಕೂಟರ್ ಓಡಿಸೋ ಒಬ್ಬ ತಮ್ಮ ಇದ್ದಾನೆ. ನಕ್ಷೆಯ ಮೇಲೆ ಅವನು ಒಂದು ಪುಟ್ಟ ಗಾಡಿಯ ಚಿತ್ರ. ಚಿತ್ರ ನಿಂತುಬಿಟ್ಟರೆ ನಮಗೆ ಸಿಟ್ಟು ಬರುತ್ತೆ.

ವಿಮೋಚನಕಾಂಡ ಐದನೇ ಅಧ್ಯಾಯ ಮನೆಗೆ ಹೋಗಿ ಓದಿ. ಇಟ್ಟಿಗೆ ಮಾಡೋ ಜನಕ್ಕೆ ಇನ್ನು ಮೇಲೆ ಹುಲ್ಲು ಕೊಡಬೇಡಿ, ಅವರೇ ಹುಡುಕಿಕೊಳ್ಳಲಿ, ಆದರೆ ಇಟ್ಟಿಗೆಯ ಲೆಕ್ಕ ಒಂದೂ ಕಡಿಮೆ ಆಗಬಾರದು ಅಂತ ಫರೋಹ ಅಪ್ಪಣೆ ಮಾಡ್ತಾನೆ. ಲೆಕ್ಕ ತಪ್ಪಿದಾಗ ಏಟು ಬಿದ್ದದ್ದು ಜನರಲ್ಲೇ ಆರಿಸಿದ ಮೇಸ್ತ್ರಿಗಳಿಗೆ. ಫರೋಹನ ಹತ್ತಿರ ಹೋಗಿ ಅತ್ತರೆ, ನೀವು ಮೈಗಳ್ಳರು ಅಂತ ಬೈದು ಕಳಿಸಿದ. ನಮ್ಮ ಸಭೆಗೆ ಬರೋ ಒಬ್ಬ ಸಹೋದರ, ಸಿಂಧನೂರು ಕಡೆಯವನು, ಎರಡು ವರ್ಷದಿಂದ ಡೆಲಿವರಿ ಮಾಡ್ತಾ ಇದ್ದಾನೆ. ಇನ್ಸೆಂಟಿವ್‌ಗೆ ಎಷ್ಟು ಆರ್ಡರ್ ಬೇಕು ಅನ್ನೋದು ನಿನ್ನೆ ಒಂದು ಇರುತ್ತೆ, ಇವತ್ತು ಒಂದು. ಪೆಟ್ರೋಲ್ ಅವನದೇ, ಫೋನ್ ಅವನದೇ, ಡೇಟಾ ಅವನದೇ. ಹುಲ್ಲು ಅವನದೇ, ಲೆಕ್ಕ ಅವರದು. "ಯಾರಿಗರ ಕೇಳೋಣಂದ್ರ ಮನುಷ್ಯಾರೇ ಸಿಗಂಗಿಲ್ರಿ ಪಾಸ್ಟರ್, ಬರೇ ಆ್ಯಪ್ ಐತಿ" ಅಂದ. ಫರೋಹನಿಗೆ ಮುಖ ಆದರೂ ಇತ್ತು.

2025ರಲ್ಲಿ ನಮ್ಮ ರಾಜ್ಯದಲ್ಲಿ ಗಿಗ್ ಕಾರ್ಮಿಕರಿಗೆ ಕಾನೂನು ಬಂತು. ಅವರಿಗೊಂದು ಮಂಡಳಿ, ಪ್ರತಿ ವಹಿವಾಟಿನ ಮೇಲೆ 1ರಿಂದ 5 ಪರ್ಸೆಂಟ್ ಕಲ್ಯಾಣ ಶುಲ್ಕ, ಕೆಲಸದಿಂದ ತೆಗೆಯೋ ಮುಂಚೆ 14 ದಿನದ ನೋಟಿಸ್. ಇದು ರಾಜಕೀಯ, ಸಭೆಯಲ್ಲಿ ಯಾಕೆ ಅಂತ ಯಾರಾದರೂ ಅಂದುಕೊಂಡರೆ, ಮೋಶೆ ಫರೋಹನ ಅರಮನೆಗೆ ಯಾಕೆ ಹೋದ ಅಂತ ನಾನು ಕೇಳಬೇಕಾಗುತ್ತೆ.

ಹಾಗಾದರೆ ಟೆಕ್ನಾಲಜಿ ಸೈತಾನನದ್ದಾ? ಹಾಗೆ ಬೋಧಿಸೋರು ಇದ್ದಾರೆ, ನಾನು ಅವರ ಜೊತೆ ಇಲ್ಲ. ಚಾಪೆಕ್ ನಾಟಕದ ಮ್ಯಾನೇಜರ್ ಕಂಡ ಕನಸು ಒಂದು ಕಡೆ ಮಾತ್ರ ನಿಜ ಆಗಿರೋದನ್ನು ಹೇಳ್ತೀನಿ. 2015ರಲ್ಲಿ ಕೇರಳದ ಕೋಯಿಕ್ಕೋಡ್‌ನಲ್ಲಿ ಮ್ಯಾನ್‌ಹೋಲ್ ಒಳಗೆ ಇಬ್ಬರು ಕಾರ್ಮಿಕರು ಉಸಿರುಗಟ್ಟಿ ಬಿದ್ದರು. ಅವರನ್ನು ಉಳಿಸೋಕೆ ಒಬ್ಬ ಆಟೋ ಡ್ರೈವರ್ ಇಳಿದ. ಮೂವರೂ ಸತ್ತರು. ಅವರು ಅವನಿಗೆ ನೆಂಟರಲ್ಲ, ಅವನ ಊರಿನವರೂ ಅಲ್ಲ. ಈ ಸುದ್ದಿ ಕೇಳಿ ಕೇರಳದ ಕೆಲವು ಎಂಜಿನಿಯರಿಂಗ್ ಹುಡುಗರು ಕೂತು ಒಂದು ರೋಬೋಟ್ ಮಾಡಿದರು, 2018ರಲ್ಲಿ ತಿರುವನಂತಪುರದಲ್ಲಿ ಅದು ಕೆಲಸಕ್ಕೆ ಇಳಿಯಿತು. ಹೆಸರು 'ಬ್ಯಾಂಡಿಕೂಟ್', ಅಂದರೆ ಹೆಗ್ಗಣ. ಕ್ಯಾಮೆರಾ ಇದೆ, ಕೈಕಾಲು ಇದೆ, ಹೊಲಸಿನೊಳಗೆ ಅದು ಇಳಿಯುತ್ತೆ, ಮನುಷ್ಯ ಮೇಲೆ ನಿಂತು ಸ್ಕ್ರೀನ್ ನೋಡಿ ನಡೆಸ್ತಾನೆ. ಹಿಂದೆ ತಾವೇ ಇಳಿಯುತ್ತಿದ್ದವರಿಗೆ ಅದನ್ನು ನಡೆಸೋ ತರಬೇತಿ ಕೊಟ್ಟರು. ಅದು ಡ್ಯಾನ್ಸ್ ಮಾಡೋದಿಲ್ಲ, ಯಾರನ್ನೂ ಪ್ರೀತಿಸೋದಿಲ್ಲ, ಅದರ ಮೇಲೆ ಯಾರೂ ಸಿನಿಮಾ ತೆಗೆಯೋದಿಲ್ಲ. ನನ್ನ ಕಣ್ಣಿಗೆ ಅದಕ್ಕಿಂತ ಚೆಂದದ ರೋಬೋಟ್ ಇಲ್ಲ. ಮನುಷ್ಯರನ್ನು ಇಳಿಸಬಾರದು ಅಂತ 2013ರಲ್ಲೇ ಕಾನೂನು ಬಂದಿದೆ. ಆದರೂ ಮ್ಯಾನ್‌ಹೋಲ್ ಸಾವಿನ ಸುದ್ದಿ ಬರ್ತಾನೇ ಇದೆ. ಚಂದ್ರನ ಮೇಲೆ ಯಂತ್ರ ಇಳಿಸಿದ ದೇಶ ನಮ್ಮದು, ಹತ್ತು ಅಡಿ ಗುಂಡಿಗೆ ಇಳಿಸೋದು ಬಾಕಿ ಇದೆ.

ಈಗ ಆ ಸಹೋದರಿಯ ಪ್ರಶ್ನೆ. ಎಐಗೆ ಆತ್ಮ ಬರುತ್ತಾ? ಬರೋದಿಲ್ಲ ಅಂತ ನಾನು ನಂಬ್ತೀನಿ. ಜೀವಶ್ವಾಸ ಊದಿದವನು ದೇವರು, ನಾವಲ್ಲ. ಆದರೆ ತಂಗಿ, ಆ ಪ್ರಶ್ನೆ ನಮಗೆ ಯಾಕೆ ಇಷ್ಟ ಅಂತ ಎರಡು ವಾರ ಯೋಚಿಸಿದೆ. ಮಿಷಿನ್‌ಗೆ ಆತ್ಮ ಇದೆಯಾ ಅಂತ ರಾತ್ರಿಯಿಡೀ ಚರ್ಚೆ ಮಾಡಬಹುದು, ಜೇಬಿನಿಂದ ಒಂದು ರೂಪಾಯಿ ಹೋಗೋದಿಲ್ಲ, ಯಾರ ಹತ್ತಿರವೂ ಕ್ಷಮೆ ಕೇಳಬೇಕಾಗಿಲ್ಲ. ಆತ್ಮ ಇದೆ ಅಂತ ನಮಗೆ ಖಂಡಿತ ಗೊತ್ತಿರೋರು ಡಬ್ಬಿಯ ಒಳಗೆ ಕೂತಿದ್ದಾರೆ, ಅವರ ಬಗ್ಗೆ ಕೇಳಿದರೆ ಖರ್ಚಿದೆ.

ಇನ್ನೊಂದು ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಬಂದಿರುತ್ತೆ. ನಿಜವಾಗಿ ಬಾಟ್ ಆಗಿದ್ದರೆ ಬೈದರೆ ಏನಾಯ್ತು ಪಾಸ್ಟರ್? ಈಗ ಬಹಳ ಕಡೆ ನಿಜವಾಗಿಯೂ ಬಾಟ್‌ಗಳೇ ಇವೆ, ಕಂಡುಹಿಡಿಯೋದು ಕಷ್ಟ. ಡಬ್ಬಾಗೆ ನೋವಾಗೋದಿಲ್ಲ, ಒಪ್ಪುತ್ತೇನೆ. ಆದರೆ ಆ ರಾತ್ರಿ ನನ್ನೊಳಗಿಂದ ಹೊರಬಂದ ಮಾತುಗಳು ಚಾಟ್ ತೆರೆದ ಮೇಲೆ ಹುಟ್ಟಿದ್ದಲ್ಲ. ಮುಂಚೆಯೇ ಇದ್ದವು. ಎದುರಿಗೆ ಯಾರೂ ಇಲ್ಲ ಅನ್ನೋ ಧೈರ್ಯಕ್ಕೆ ಕಾಯ್ತಾ ಇದ್ದವು. ಯಾಕೋಬನ ಪತ್ರಿಕೆಯಲ್ಲಿ ನಾಲಿಗೆಯ ಬಗ್ಗೆ ಓದುವಾಗ ನಾನು ಈಗ ಬೆರಳುಗಳನ್ನೂ ಸೇರಿಸಿಕೊಂಡು ಓದ್ತೀನಿ.

ಸಿಂಧನೂರಿನ ಸಹೋದರನಿಗೆ ಈ ಸಂದೇಶದ ಬಗ್ಗೆ ಮೊದಲೇ ಹೇಳಿದೆ. ನಾವೆಲ್ಲ ಆರ್ಡರ್ ಮಾಡೋದನ್ನು ನಿಲ್ಲಿಸಬೇಕಾ ಅಂತ ಕೇಳಿದೆ. ಅವನು ಗಾಬರಿಯಾದ. "ಬ್ಯಾಡ್ರಿ ಪಾಸ್ಟರ್! ಆರ್ಡರ್ ನಿಂತ್ರ ನಾ ಊರಿಗೆ ಏನ್ ಕಳಸ್ಲಿ?" ಮತ್ತೇನು ಮಾಡೋಣ ಅಂದೆ. ಸ್ವಲ್ಪ ಯೋಚಿಸಿ ಹೇಳಿದ: "ಕನಿಕರ ಏನೂ ಬ್ಯಾಡ್ರಿ. ನಿಮ್ ಅಪಾರ್ಟ್‌ಮೆಂಟಿನಾಗ ಲಿಫ್ಟ್ ಹತ್ತಾಕ ಬಿಟ್ರ ಸಾಕು."

ಆಮೇಲೆ ಹೋಗಿ ನೋಡಿದೆ. ನಮ್ಮ ಬಿಲ್ಡಿಂಗಿನ ಲಿಫ್ಟ್ ಪಕ್ಕದಲ್ಲೇ ಬೋರ್ಡ್ ಇದೆ, ಡೆಲಿವರಿಯವರು ಮೆಟ್ಟಿಲು ಬಳಸಬೇಕು ಅಂತ. ಆರು ವರ್ಷದಿಂದ ಅದರ ಮುಂದೆ ನಿಂತು ಲಿಫ್ಟ್‌ಗೆ ಕಾದಿದ್ದೀನಿ, ಓದಿರಲಿಲ್ಲ. ಹೋದ ತಿಂಗಳ ಅಸೋಸಿಯೇಷನ್ ಮೀಟಿಂಗ್‌ನಲ್ಲಿ ವಿಷಯ ಎತ್ತಿದೆ. ಒಬ್ಬರು ಸೆಕ್ಯುರಿಟಿ ಅಂದರು, ಒಬ್ಬರು ಒದ್ದೆ ರೇನ್‌ಕೋಟ್ ಅಂದರು, ಸೆಕ್ರೆಟರಿ ಮುಂದಿನ ಸಲ ನೋಡೋಣ ಅಂದರು. ಮುಂದಿನ ಸಲ ಅಂದರೆ ಬರೋ ಭಾನುವಾರ ಸಂಜೆ ಐದೂವರೆಗೆ. ಸಂಜೆ ಆರಾಧನೆಗೆ ನಾನು ಸ್ವಲ್ಪ ತಡವಾಗಿ ಬರ್ತೀನಿ, ನೀವು ಹಾಡು ಶುರು ಮಾಡಿರಿ.